ಕಂಪ್ಯೂಟರಿನ ಹೊಟ್ಟೆಯೊಳಗಿನ ಮೂಗ

ನಮ್ಮ ಮೈದುನನ ತಲೆ ಸರಿಯಿಲ್ಲ ಅಂತ ನಾನು ಹೇಳುವುದಿಲ್ಲ. ಸರಿಯಿರುವ ತಲೆ ಮನೆಯವರಿಗೆ ಇಷ್ಟು ಕೆಲಸ ಕೊಡುವುದಿಲ್ಲ ಅಂತ ಮಾತ್ರ ಹೇಳುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಮೂರನೇ ಕ್ಲಾಸಿನವಳು ಕಂಪ್ಯೂಟರಿನ ಬಗ್ಗೆ ಬರೆಯೋದು ಅಂದರೆ ಕೋಳಿ ಈಜು ಕಲಿಸಿದ ಹಾಗೆ, ಗೊತ್ತು. ಆದರೆ ಆ ಮೂರು ದಿನ ಅದರ ಮುಂದೆ ಕೂತು ಕಣ್ಣು ಕೀಳಿಸಿಕೊಂಡವಳು ನಾನೇ ಆದ್ದರಿಂದ ಬೇರೆಯವರು ಬರೆದರೆ ಸುಳ್ಳಾಗುತ್ತೆ.

ಮೈದುನ ನಮ್ಮ ಹಳೇಬೀಡಿನ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ಅವನಿಗೆ ಕಣ್ಣು ಕಾಣುವುದಿಲ್ಲ. ಹುಟ್ಟುವಾಗ ಕಾಣುತ್ತಿತ್ತು. ಮೂವತ್ತಾರನೇ ವಯಸ್ಸಿನಲ್ಲಿ ಕಣ್ಣಿನ ಒಳಗೆ ಒತ್ತಡ ಜಾಸ್ತಿಯಾಗಿ ಹೋಯಿತು. ಪರೀಕ್ಷೆ ಕಾಲ, ಪೇಪರು ತಿದ್ದುವುದಿದೆ ಅಂತ ಆರು ತಿಂಗಳು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ. ಹೇಳುವ ಹೊತ್ತಿಗೆ ಡಾಕ್ಟರ ಕೈ ಮೀರಿತ್ತು. ಅದಾಗಿ ಹನ್ನೆರಡು ವರ್ಷ. ಪಾಪ ಅನ್ನಬೇಡಿ. ಅವನ ಮುಂದೆ ಪಾಪ ಅಂದವರೆಲ್ಲ ಆಮೇಲೆ ತಮ್ಮನ್ನೇ ಪಾಪ ಅಂದುಕೊಂಡು ಹೋಗಿದ್ದಾರೆ.

ಕುರುಡು ಮೇಷ್ಟ್ರು ಅಂದರೆ ಹುಡುಗರಿಗೆ ಹಬ್ಬ ಅಲ್ಲವೇ? ಕಣ್ಣು ಹೋದ ಮೇಲೆ ಮೊದಲನೇ ದಿನ ಕ್ಲಾಸಿಗೆ ಹೋದಾಗ ಹಿಂದಿನ ಬೆಂಚಿನವನೊಬ್ಬ ಆರಾಮಾಗಿ ಕಡಲೆಕಾಯಿ ತಿನ್ನುತ್ತಿದ್ದನಂತೆ. ಇವನು ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ, "ಮೂರನೇ ಸಾಲು, ಗೋಡೆ ಪಕ್ಕದವನು. ಸಿಪ್ಪೆ ಜೇಬಿಗೆ ಹಾಕ್ಕೋ, ನೆಲಕ್ಕಲ್ಲ" ಅಂದನಂತೆ. ಅವತ್ತಿನಿಂದ ಆ ಸ್ಕೂಲಿನಲ್ಲಿ ಇವನ ಕ್ಲಾಸಿನಲ್ಲಿ ಮಾತ್ರ ಹುಡುಗರು ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಾರೆ. ಬೋರ್ಡಿನ ಮೇಲೆ ಎಡಗೈ ಬೆರಳು ಗೆರೆಯ ಕೆಳಗಿಟ್ಟುಕೊಂಡು ಅವನು ಬರೆಯುವ ಸಾಲು ನೂಲು ಹಿಡಿದ ಹಾಗೆ ನೆಟ್ಟಗೆ ಇರುತ್ತೆ. ಕಣ್ಣಿರುವ ಹೆಡ್ಮಾಸ್ಟರ ಸಾಲು ಬೇಲೂರು ರಸ್ತೆಯ ಹಾಗೆ ಹೋಗುತ್ತೆ.

ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಅವನ ಸುತ್ತ ಜನ. ಯಾವ ಬಸ್ಸು ಬರುತ್ತಿದೆ ಅಂತ ತಿರುವಿನಲ್ಲಿರುವಾಗಲೇ ಹೇಳುತ್ತಾನೆ. ಒಂದು ಸಲ ಬಿಕ್ಕೋಡಿನ ಬಸ್ಸು ಬಂದು ನಿಂತಾಗ, ಹಿಂದಿನ ಎಡಗಡೆ ಚಕ್ರದಲ್ಲಿ ಕಲ್ಲು ಸಿಕ್ಕಿಕೊಂಡಿದೆ ನೋಡಿ ಅಂತ ಡ್ರೈವರಿಗೆ ಹೇಳಿದ. ಡ್ರೈವರು ನಕ್ಕ. ಕಂಡಕ್ಟರು ಇಳಿದು ಬಗ್ಗಿ ನೋಡಿದ, ನಿಂಬೆಹಣ್ಣಿನ ಗಾತ್ರದ ಕಲ್ಲು! ಆ ಡ್ರೈವರು ಇವತ್ತಿಗೂ ನಮ್ಮ ಮನೆ ಮುಂದೆ ಹೋಗುವಾಗ ಹಾರನ್ನು ಮೆತ್ತಗೆ ಹೊಡೆಯುತ್ತಾನೆ, ಇನ್ನೇನು ತಪ್ಪು ಹಿಡಿಯುತ್ತಾರೋ ಅಂತ.

ಸಂಜೆ ಕರೆಂಟು ಹೋಯಿತು ಅನ್ನಿ. ನಾನು ಬಾಗಿಲಿಗೆ ಡಿಕ್ಕಿ, ನಮ್ಮ ಯಜಮಾನರು ನನಗೆ ಡಿಕ್ಕಿ. ಇವನು ಎದ್ದು ನೆಟ್ಟಗೆ ಗೂಡಿಗೆ ಹೋಗಿ ಮೇಣದ ಬತ್ತಿ ತಂದು ಒಬ್ಬೊಬ್ಬರ ಕೈಗೂ ಕೊಟ್ಟು ಹೋಗುತ್ತಾನೆ. ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಕಣ್ಣು ಕಾಣುವುದು ಅವನೊಬ್ಬನಿಗೇ. ದಾರಿಯಲ್ಲಿ ಕೈ ಹಿಡಿಯಲು ಹೋದರೆ ಏನನ್ನುತ್ತಾನೆ ಗೊತ್ತೇ? "ಯಾಕೆ ಅತ್ತಿಗೆ, ನಿಮಗೆ ದಾರಿ ಗೊತ್ತಿಲ್ವಾ?"

ಇಂಥವನಿಗೆ ಯಾರೋ ಪುಣ್ಯಾತ್ಮರು ಒಂದು ಹಳೇ ಕಂಪ್ಯೂಟರು ಕೊಟ್ಟರು. ಅದರೊಳಗೆ ಮಾತಾಡುವ ಪ್ರೋಗ್ರಾಮ್ ಇತ್ತು. ಪರದೆ ಮೇಲೆ ಏನು ಬರೆದಿದೆಯೋ ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತೆ. ಒಂದೊಂದು ಗುಂಡಿ ಒತ್ತಿದರೂ ಅದರ ಹೆಸರು ಹೇಳುತ್ತೆ. ದನಿ ಮಾತ್ರ ನೆಗಡಿಯಾದವನು ಹಂಡೆಯೊಳಗೆ ಕೂತು ಮಾತಾಡಿದ ಹಾಗೆ. ಮೊದಲನೇ ದಿನ ಎದುರು ಮನೆಯವಳು ಬಂದು, ನಿಮ್ಮ ಮನೆಗೆ ಬಂದಿರುವ ನೆಂಟರಿಗೆ ಮೆಣಸಿನ ಕಷಾಯ ಮಾಡಿ ಕೊಡಿ ಅಂತ ಹೇಳಿ ಹೋದಳು. ಆ ನೆಗಡಿಯವನ ಸಹಾಯದಿಂದ ಮೈದುನ ಪ್ರಶ್ನೆಪತ್ರಿಕೆ ಬರೆದ, ಅಂಕಪಟ್ಟಿ ಮಾಡಿದ, ಇಲಾಖೆಗೆ ಕಾಗದ ಬರೆದ. ಯಾರನ್ನೂ ಓದು ಅಂತ ಕೇಳಲಿಲ್ಲ. ಅದಕ್ಕೆ ಮುಂಚೆ ಅವನಿಗೆ ಬಂದ ಕಾಗದಗಳನ್ನೆಲ್ಲ ಅವರಿವರ ಹತ್ತಿರ ಓದಿಸಬೇಕಿತ್ತು. ಊರಿಗೆಲ್ಲ ನಮ್ಮ ಮನೆ ಸಮಾಚಾರ ನಮಗಿಂತ ಮುಂಚೆ ಗೊತ್ತಾಗುತ್ತಿತ್ತು.

ಆ ಕಂಪ್ಯೂಟರಿನ ಹಿಂಬದಿಯ ತೂತಿನಲ್ಲಿ ಒಂದು ಹಲ್ಲಿ ಹೋಯಿತು. ಇಬ್ಬರೂ ಒಟ್ಟಿಗೆ ಸತ್ತರು.

ಹೊಸ ಕಂಪ್ಯೂಟರು ತಂದದ್ದಾಯಿತು. ತಂದ ಮೇಲೆ ಗೊತ್ತಾಯಿತು, ಹೊಸದಕ್ಕೂ ಆ ಮಾತಾಡುವ ಪ್ರೋಗ್ರಾಮಿಗೂ ಆಗಿಬರುವುದಿಲ್ಲ. ಹೊಸದರಲ್ಲಿ ಹಾಕಿದರೆ ಅದು ಬಾಯೇ ಬಿಡುವುದಿಲ್ಲ. ಆಗ ಅರಸೀಕೆರೆಯಲ್ಲಿ ಕಂಪ್ಯೂಟರು ರಿಪೇರಿ ಮಾಡುವವರೊಬ್ಬರು ಬಂದರು. ಬಾಣಾವರದ ಕಡೆಯವರು, ದಪ್ಪನೆ ಆಸಾಮಿ, ಆರು ಇಡ್ಲಿ ತಿಂದು ಕೆಲಸಕ್ಕೆ ಕೂತರು. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೇ ಕಂಪ್ಯೂಟರನ್ನು ಇಟ್ಟುಬಿಡುತ್ತೇನೆ, ಹಳೆಯದರೊಳಗೆ ಪ್ರೋಗ್ರಾಮು ಮಾತಾಡುತ್ತೆ ಅಂದರು. ಹಳೆಯದನ್ನು ನಾನೇ ಕೈಯಾರೆ ಹಲ್ಲಿ ಸಮೇತ ಗುಜರಿಯವನಿಗೆ ಕೊಟ್ಟಿದ್ದೆ. ಅದು ಹೇಗೆ ಹೊಟ್ಟೆಯೊಳಗೆ ಬರುತ್ತೆ? ಇಡ್ಲಿ ತಲೆಗೇರಿದೆ ಅಂದುಕೊಂಡೆ.

ಮೈದುನ ನನಗೆ ಬಿಡಿಸಿ ಹೇಳಿದ. ಹೊರಗಿನದು ಮನೆ ಮಾಲೀಕ. ಒಳಗಿನದು ಬಾಡಿಗೆಯವನು. ಬಾಡಿಗೆಯವನಿಗೆ ಪಾಪ ಇದು ತನ್ನದೇ ಸ್ವಂತ ಮನೆ ಅಂತಲೇ ನಂಬಿಕೆ. ಆದರೆ ಅವನಿಗೆ ನೀರು, ದೀಪ, ದನಿ, ಎಲ್ಲ ಮಾಲೀಕನ ಕಡೆಯಿಂದ ಪೈಪು ಎಳೆದು ಕೊಡಬೇಕು. ಮನೆಯೊಳಗೆ ಮನೆ, ಕಬ್ಬಿಣವಿಲ್ಲ, ತಗಡಿಲ್ಲ, ಬರೀ ಲೆಕ್ಕದಲ್ಲಿ ಕಟ್ಟಿದ ಕಂಪ್ಯೂಟರು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಕಲ್ಲಿನಲ್ಲಿ ಕೆತ್ತಿದ ಬಳ್ಳಿಯೊಳಗೆ ಆನೆ, ಆನೆಯ ಮೇಲೆ ಮಾವುತ, ಮಾವುತನ ಕಿವಿಯಲ್ಲಿ ಓಲೆ ನೋಡಿಕೊಂಡೇ ಬೆಳೆದವರು ನಾವು, ಬೇಗ ಬೆರಗಾಗುವವರಲ್ಲ. ಇದಕ್ಕೆ ಬೆರಗಾದೆ.

ಅದಕ್ಕಿಂತ ಬೆರಗು ಮೈದುನನದು. ಹೊರಗಿನ ಮಾಲೀಕ ಅವನ ಜೊತೆ ಮಾತಾಡುವುದಿಲ್ಲವಲ್ಲ? ಹೊತ್ತಿಕೊಂಡಾಗ ಒಂದು ಸಣ್ಣ ರಾಗ ಎಳೆಯುತ್ತೆ, ಅಷ್ಟೆ. ಆ ರಾಗ ಕೇಳಿದ ಮೇಲೆ ಇವನು ಮನಸ್ಸಿನಲ್ಲಿ ನೂರು ಎಣಿಸುತ್ತಾನೆ. ಆಮೇಲೆ ಇಷ್ಟು ಸಲ ಆ ಗುಂಡಿ, ಇಷ್ಟು ಸಲ ಈ ಗುಂಡಿ. ಕಣ್ಣಿಲ್ಲದೆ, ಕಿವಿಗೂ ಏನೂ ಇಲ್ಲದೆ, ಕತ್ತಲೆ ಮನೆಯಲ್ಲಿ ನಡೆದ ಹಾಗೆ ನಡೆದು ಒಳಗಿನವನ ಬಾಗಿಲು ತಟ್ಟುತ್ತಾನೆ. ಗರಗರ ಅಂತ ಪೆಟ್ಟಿಗೆಯೊಳಗೆ ಸದ್ದಾಗಿ, ಒಳಗಿನದು ಎದ್ದು, ನೆಗಡಿಯವನು ಮಾತು ಶುರು ಮಾಡುತ್ತಾನೆ. ಒಂದೇ ಒಂದು ಸಲವೂ ತಪ್ಪಿದ್ದು ನಾನು ಕಾಣೆ.

ಈ ಹೊತ್ತಿಗೇ ಇಲಾಖೆಯಿಂದ ಕಾಗದ ಬಂತು. ಕಣ್ಣು ಕಾಣದವರು ಬರವಣಿಗೆ ಕೆಲಸ ಹೇಗೆ ಮಾಡುತ್ತಾರೆ, ಬೇರೆ ಯಾರೋ ಮಾಡಿಕೊಡುತ್ತಿದ್ದಾರೆ ಅಂತ ಯಾರೋ ಅರ್ಜಿ ಹಾಕಿದ್ದರು. ಸೋಮವಾರ ಬೇಲೂರಿನಿಂದ ಸಾಹೇಬರು ಮನೆಗೇ ಬರುತ್ತಾರೆ. ಅವರ ಕಣ್ಣ ಮುಂದೆ, ಯಾರ ಸಹಾಯವೂ ಇಲ್ಲದೆ, ಮೈದುನ ಓದಿ ಬರೆದು ತೋರಿಸಬೇಕು. ಆಗದಿದ್ದರೆ ಸ್ವಂತ ಇಚ್ಛೆಯಿಂದ ನಿವೃತ್ತಿ ತಗೋತೀನಿ ಅಂತ ಸಹಿ ಹಾಕುವ ಕಾಗದವನ್ನೂ ಜೊತೆಗೇ ಇಟ್ಟು ಕಳಿಸಿದ್ದರು. ನಮ್ಮ ಸ್ವಂತ ಇಚ್ಛೆಯನ್ನೂ ಅವರೇ ಟೈಪು ಮಾಡಿ ಕಳಿಸುವುದು, ಎಂಥ ಅನುಕೂಲ ನೋಡಿ!

ಮೈದುನ ನಕ್ಕ. ಬರಲಿ, ನೆಗಡಿಯವನನ್ನ ಪರಿಚಯ ಮಾಡಿಸ್ತೀನಿ ಅಂದ.

ಶುಕ್ರವಾರ ಬೆಳಿಗ್ಗೆ ನೆಗಡಿಯವನು ಮೂಗನಾದ.

ಹೊರಗಿನದು ರಾಗ ಎಳೆಯಿತು. ಇವನು ಎಣಿಸಿದ, ಗುಂಡಿ ಒತ್ತಿದ, ಗರಗರ ಸದ್ದಾಯಿತು, ಒಳಗಿನದು ಎದ್ದಿತು. ಆಮೇಲೆ ಏನೂ ಇಲ್ಲ. ಪರದೆ ಮೇಲೆ ಎಲ್ಲ ಬಂದಿದೆ, ನನಗೆ ಕಾಣುತ್ತಿದೆ. ಅವನಿಗೆ ಮಾತ್ರ ಕಂಪ್ಯೂಟರೇ ಇಲ್ಲ. ನಮಗೆ ಸದ್ದು ಹೋದರೆ ಸದ್ದು ಹೋಯಿತು, ಅಷ್ಟೆ. ಅವನಿಗೆ ಪರದೆ, ಅಕ್ಷರ, ಬಾಗಿಲು, ದಾರಿ, ಎಲ್ಲ ಒಟ್ಟಿಗೆ ಹೋಯಿತು.

ದನಿ ಬರುವ ಡಬ್ಬಿ ಕೆಟ್ಟಿದೆ ಅಂದೆ. ಕೆಟ್ಟಿದ್ದರೆ ಹೊರಗಿನವನ ರಾಗ ಹೇಗೆ ಬಂತು ಅಂದ. ನಿಜ. ಮಾಲೀಕ ಚೆನ್ನಾಗೇ ಹಾಡುತ್ತಿದ್ದಾನೆ, ಬಾಡಿಗೆಯವನದ್ದು ಮಾತ್ರ ಮೌನ ವ್ರತ. ಇವನು ಡಬ್ಬಿಯ ತಿರುಗಣಿ ಪೂರ್ತಿ ತಿರುಗಿಸಿ ಇನ್ನೊಂದು ಸಲ ಹಚ್ಚಿದ. ಹೊರಗಿನವನ ರಾಗಕ್ಕೆ ಹಿತ್ತಲಿನ ಕೋಳಿ ಮೊಟ್ಟೆಯ ಮೇಲಿಂದ ಎದ್ದು ಓಡಿಹೋಯಿತು. ಒಳಗಿನವನು ಕೆಮ್ಮಲೂ ಇಲ್ಲ.

ಅರಸೀಕೆರೆಗೆ ಫೋನು ಮಾಡಿದ. ರಿಪೇರಿಯವರ ಹೆಂಡತಿ ಎತ್ತಿಕೊಂಡು, ಅವರು ಮಾಲೆ ಹಾಕಿದ್ದರು, ನೆನ್ನೆ ತಾನೇ ಇರುಮುಡಿ ಹೊತ್ತು ಶಬರಿಮಲೆಗೆ ಹೊರಟರು, ಬರುವುದು ಬುಧವಾರ ಅಂದರು. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದಾರಂತೆ. ಆ ಫೋನಿನಲ್ಲೇ ಅಲ್ಲವೇ ಆಕೆ ಮಾತಾಡುತ್ತಿದ್ದದ್ದು.

ಸಾಹೇಬರಿಗೆ ಹೇಳಿ ಒಂದು ವಾರ ಮುಂದಕ್ಕೆ ಹಾಕಿಸು ಅಂದೆ. ಅವನು ಒಪ್ಪಲಿಲ್ಲ. "ಮೆಷಿನ್ ಕೆಟ್ಟಿದೆ ಅಂದ್ರೆ ಅವರು ಕಣ್ಣು ಕೆಟ್ಟಿದೆ ಅಂತ ಬರ್ಕೋತಾರೆ ಅತ್ತಿಗೆ. ಅವರಿಗೆ ಬೇಕಾಗಿರೋದು ಅದೇ."

ನನಗೆ ತಿಳಿದ ರಿಪೇರಿ ನಾನೂ ಮಾಡಿದೆ. ಅವನು ಸ್ಕೂಲಿಗೆ ಹೋಗಿದ್ದಾಗ ಕಂಪ್ಯೂಟರಿಗೆ ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದೆ. ಅಷ್ಟರಲ್ಲೇ ಅವನು ಬಂದ. ಘಾಟಿಗೆ ಹನ್ನೊಂದು ಸಲ ಸೀನಿದ. ಕಂಪ್ಯೂಟರು ಒಂದು ಸಲವೂ ಸೀನಲಿಲ್ಲ. ಅವನು ಮೂಗು ಒರೆಸಿಕೊಂಡು, "ಅತ್ತಿಗೆ, ದೃಷ್ಟಿ ತೆಗೆದಿದ್ದು ಸಾಕು. ನಿಮ್ಮ ದೃಷ್ಟಿ ಸ್ವಲ್ಪ ಕೊಡಿ" ಅಂದ.

ಹಾಗೆ ನಾನು ಕಂಪ್ಯೂಟರಿನ ಮುಂದೆ ಕೂತೆ.

ಇಂಗ್ಲಿಷಿನಲ್ಲಿ ನನಗೆ ಬರುವುದು ದೊಡ್ಡಕ್ಷರ ಮಾತ್ರ, ಮಕ್ಕಳಿಗೆ ತಿದ್ದಿಸುವಾಗ ಕಲಿತದ್ದು. ಚಿಕ್ಕಕ್ಷರ ಕಲಿಯುವ ಹೊತ್ತಿಗೆ ಮಕ್ಕಳು ನನ್ನನ್ನು ಬಿಟ್ಟು ಮುಂದೆ ಹೋಗಿದ್ದವು. ಕಂಪ್ಯೂಟರಿನಲ್ಲಿ ಹಾಳಾದ್ದು ಎಲ್ಲ ಚಿಕ್ಕಕ್ಷರ. ಆದ್ದರಿಂದ ನಾನು ಕಂಡ ಹಾಗೆ ಹೇಳುವುದು, ಅವನು ಅಕ್ಷರ ಕಟ್ಟಿಕೊಳ್ಳುವುದು ಅಂತ ಆಯಿತು. ಹೊರಗಿನವನ ಪರದೆ ಮೇಲೆ, ಒಳಗಿನವನಿಗೆ ಏನೇನು ಕೊಟ್ಟಿದೆ ಅಂತ ತೋರಿಸುವ ಪಟ್ಟಿ ಒಂದಿದೆಯಂತೆ. ಅದನ್ನು ಮೇಲಿನಿಂದ ಓದುತ್ತಾ ಬಂದೆ. ಒಂದು ಹೆಸರು ಓದಲು ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು.

"ದೊಡ್ಡ ಎ," ಅಂದೆ. "ಆಮೇಲೆ ಲಾಳ, ಬಾಯಿ ಮೇಲಕ್ಕೈತೆ. ಆಮೇಲೆ ಕೋಡುಬಳೆ, ಬಲಗಡೆ ದೊಣ್ಣೆ ಒರಗಿಸವ್ರೆ. ಆಮೇಲೆ ಕಡ್ಡಿ ಮೇಲೆ ಚುಕ್ಕಿ. ಕೊನೇಗೆ ಬರೀ ಕೋಡುಬಳೆ."

"ಆಡಿಯೋ," ಅಂದ ಮೈದುನ. "ಅಲ್ಲೇ ನಿಲ್ಲಿ ಅತ್ತಿಗೆ. ದನಿ ಇರೋದು ಅಲ್ಲೇ."

ಅಲ್ಲಿಗೆ ಹೋದೆವು. ದನಿಯ ಪೈಪು ಎಲ್ಲಿಗೆ ಸೇರಿಸಿದೆ ಅಂತ ಬರೆದಿರುವ ಕಡೆ ಏನಿದೆ ಅಂತ ಕೇಳಿದ. ದೊಡ್ಡ ಎನ್, ಒಂದು ಲಾಳ, ಚುಕ್ಕಿಯಿಲ್ಲದ ಎರಡು ಉದ್ದ ಕಡ್ಡಿ ಅಂದೆ. ಅವನು ಎರಡು ಸಲ ಬಾಯೊಳಗೆ ಹೇಳಿಕೊಂಡು ತೊಡೆ ತಟ್ಟಿದ. ಅದು ನಲ್ ಅಂತೆ. ಅಂದರೆ ಏನೂ ಇಲ್ಲ ಅಂತ. ಒಳಗಿನವನು ಬೆಳಗಿನಿಂದ ಗಂಟಲು ಹರಿದುಕೊಂಡು ಮಾತಾಡುತ್ತಲೇ ಇದ್ದಾನೆ, ಅವನ ಪೈಪು ಎಲ್ಲಿಗೂ ಸೇರಿಲ್ಲ, ಅಷ್ಟೆ! ಮೂಗನಲ್ಲ, ನಮಗೆ ಕೇಳಿಸುತ್ತಿಲ್ಲ.

ಇನ್ನೇನು, ಬಾಣದ ಗುರುತಿನ ಗುಂಡಿ ಒತ್ತಿದರೆ ಆ ನಲ್ ಹೋಗಿ ಸರಿಯಾದ ಹೆಸರು ಬರುತ್ತೆ ಅಂದ. ಒತ್ತಿದ. "ಈಗ ಏನಿದೆ?" ದೊಡ್ಡ ಎನ್, ಲಾಳ, ಎರಡು ಕಡ್ಡಿ. ಮತ್ತೆ ಒತ್ತಿದ. ದೊಡ್ಡ ಎನ್, ಲಾಳ, ಎರಡು ಕಡ್ಡಿ. ಶನಿವಾರ ಸ್ಕೂಲು ಅರ್ಧ ದಿನ. ಉಳಿದರ್ಧ ದಿನ ದೊಡ್ಡ ಎನ್, ಲಾಳ, ಎರಡು ಕಡ್ಡಿ. ಕಂಪ್ಯೂಟರನ್ನೇ ಆರಿಸಿ ಹಚ್ಚಿದ, ತಂತಿ ಕಿತ್ತು ಚುಚ್ಚಿದ. ಅದು ಜಗ್ಗಲಿಲ್ಲ. ನಮ್ಮ ಯಜಮಾನರು ತೋಟದಿಂದ ಬಂದು, ಇಬ್ಬರೂ ಏನು ಜಪ ಮಾಡುತ್ತಿದ್ದೀರಿ ಅಂತ ಕೇಳಿದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವನು ಗುಂಡಿ ಒತ್ತುವುದನ್ನು ನಿಲ್ಲಿಸಿದ. ನಾನು ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲೇ ಕೂತಿದ್ದೆ. ಹನ್ನೆರಡು ವರ್ಷದಲ್ಲಿ ಅವನು ಸೋತು ಕೂತಿದ್ದನ್ನು ನಾನು ನೋಡಿರಲಿಲ್ಲ. ಕಣ್ಣು ಹೋಯಿತು ಅಂತ ಡಾಕ್ಟರು ಹೇಳಿದ ದಿನವೂ, ಹಾಗಾದರೆ ಇನ್ನು ಮೇಲೆ ಪೇಪರು ತಿದ್ದೋದು ತಪ್ಪಿತು ಅಂತ ನಗಾಡಿದ್ದ. ಈಗ ಎದ್ದು ಹೋಗಿ ಗೂಡಿನಿಂದ ಆ ಸಹಿ ಹಾಕುವ ಕಾಗದ ತಂದ.

"ಪೆನ್ನು ಎಲ್ಲಿ ಹಾಕಬೇಕು ತೋರಿಸಿ ಅತ್ತಿಗೆ," ಅಂದ. "ನಾಳೆ ಅವರ ಮುಂದೆ ತಡಕಾಡೋದು ಬೇಡ. ಇವತ್ತೇ ಹಾಕಿಟ್ಟುಬಿಡ್ತೀನಿ."

ನಾನು ಅವನನ್ನು ಬೈಯುವವಳು. ಏಳು ಅಂದರೆ ಏಳಬೇಕು, ಉಣ್ಣು ಅಂದರೆ ಉಣ್ಣಬೇಕು, ನಮ್ಮ ಮನೆ ಕ್ರಮ ಅದು. ಅವತ್ತು ಬೈಗುಳ ಬಾಯಿಗೆ ಬರಲಿಲ್ಲ. ಅದಕ್ಕೆ ಕಾರಣವಿತ್ತು. ಎರಡು ದಿನದಿಂದ ನಾನು ಅವನಿಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಈಗ ಹೇಳದಿದ್ದರೆ ಆ ಪೆನ್ನು ನಾನೇ ಕೈಗೆ ಕೊಟ್ಟ ಹಾಗೆ ಆಗುತ್ತಿತ್ತು.

"ತಡಿ ಕಣೋ," ಅಂದೆ. "ತಪ್ಪು ನಂದಿರಬೌದು. ನನ್ನ ಬಲಗಣ್ಣಿಗೆ ಪೊರೆ ಬಂದೈತೆ. ಆ ಎನ್ನು, ಲಾಳ, ಕಡ್ಡಿ ನಂಗೆ ಸರಿಯಾಗಿ ಕಾಣಲ್ಲ. ಒಗೆದೂ ಒಗೆದೂ ಬಣ್ಣ ಹೋದ ಸೀರೆ ಥರ ಮಂಕಾಗವೆ. ಬಲಗಣ್ಣು ಮುಚ್ಕೊಂಡು ಎಡಗಣ್ಣಲ್ಲಿ ನೋಡ್ದೆ, ಹಂಗೇ ಕಾಣ್ತವೆ. ಅದುಕ್ಕೂ ಬಂತು ಅಂತ ಸುಮ್ಕಾದೆ. ನಾನು ತಪ್ಪು ಓದಿದೀನೋ ಏನೋ."

ಅವನು ಕಾಗದ ಪಕ್ಕಕ್ಕಿಟ್ಟ. ಆಮೇಲೆ ಮೇಷ್ಟ್ರ ದನಿಯಲ್ಲಿ ಕೇಳಿದ. "ಪರದೆ ಮೇಲೆ ಬೇರೆ ಅಕ್ಷರಾನೂ ಇದೆಯಲ್ಲ. ಮೇಲುಗಡೆ, ಪಕ್ಕದಲ್ಲಿ. ಅವೂ ಮಂಕಾಗೇ ಇದೆಯಾ?"

ಬೇರೆ ಅಕ್ಷರದ ಕಡೆ ನಾನು ಕಣ್ಣೆತ್ತಿರಲಿಲ್ಲ, ಹೆದರಿಕೆಗೆ. ಈಗ ನೋಡಿದೆ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ಮೇಲಿನ ಅಕ್ಷರಗಳು ಕಾಡಿಗೆ ಹಾಗೆ ಕಪ್ಪಗಿದ್ದವು. ಆ ಒಂದು ಜಾಗದವು ಮಾತ್ರ ಬೂದಿ ಬಣ್ಣ.

"ಇಲ್ಲ. ಅವು ಕಪ್ಪಗವೆ. ಇವು ಮಾತ್ರ."

"ಹಾಗಾದ್ರೆ ಅದು ನಿಮ್ಮ ಕಣ್ಣಲ್ಲ ಅತ್ತಿಗೆ," ಅಂದ. "ಮೆಷಿನ್ನೇ ಅದನ್ನ ಮಂಕು ಮಾಡಿ ಇಟ್ಟಿದೆ. ಮುಟ್ಟಬೇಡ ಅಂತ."

ಆಮೇಲೆ ಅವನ ತಲೆ ಓಡಿದ್ದನ್ನು ಏನು ಹೇಳಲಿ! ಯಾಕೆ ಮುಟ್ಟಬಾರದು? ಒಳಗೆ ಬಾಡಿಗೆಯವನು ಇದ್ದಾನೆ, ಅದಕ್ಕೆ. ಮೊದಲೆಲ್ಲ ಕೆಲಸ ಮುಗಿದ ಮೇಲೆ ಇವನು ಒಳಗಿನದನ್ನು ಕ್ರಮವಾಗಿ ಆರಿಸಿ, ಆಮೇಲೆ ಹೊರಗಿನದನ್ನು ಆರಿಸುತ್ತಿದ್ದ. ಒಳಗಿನದನ್ನು ಆರಿಸಬೇಕಾದರೆ ಅದರ ಮಾತು ಕೇಳಿಸಬೇಕು. ಮಾತು ಹೋದ ದಿನದಿಂದ ಬೇರೆ ದಾರಿಯಿಲ್ಲದೆ, ರಿಪೇರಿಯವರು ಹೇಳಿಕೊಟ್ಟಿದ್ದ ಎರಡು ಗುಂಡಿ ಒಟ್ಟಿಗೆ ಒತ್ತಿ ಅದನ್ನು ಇದ್ದ ಹಾಗೇ ಮಲಗಿಸುತ್ತಿದ್ದ. ಹೊರಗಿನದನ್ನು ನೂರು ಸಲ ಆರಿಸಿ ಹಚ್ಚಿದರೂ ಒಳಗಿನವನು ಎದ್ದಿರಲಿಲ್ಲ, ಸತ್ತಿರಲಿಲ್ಲ, ಮಲಗಿದ್ದ. ಮಲಗಿದವನ ಮನೆಯ ಪೈಪು ಕೀಳುವ ಹಾಗಿಲ್ಲವಂತೆ. ಮಾತು ಬರಬೇಕಾದರೆ ಅವನು ಪೂರ್ತಿ ಮನೆ ಖಾಲಿ ಮಾಡಬೇಕು. ಖಾಲಿ ಮಾಡಿಸಬೇಕಾದರೆ ಮಾತು ಬೇಕು. ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ!

ಆದರೆ ಈಗ ಮಾತಿನ ಬದಲು ನಾನಿದ್ದೆ. ಒಳಗಿನವನನ್ನು ಎಬ್ಬಿಸಿದೆವು. ಮೈದುನ ಬಾಣದ ಗುಂಡಿ ಒತ್ತುತ್ತಾ ಹೋದ, ನಾನು ನೀಲಿ ಬಣ್ಣ ಎಲ್ಲಿಗೆ ಬಂತು ಅಂತ ಹೇಳುತ್ತಾ ಹೋದೆ. ದೊಡ್ಡ ಎಸ್, ಅದರ ಪಕ್ಕ ಬೆನ್ನಿರುವ ಕುರ್ಚಿ, ಲಾಳ, ಕೂಡಿಸುವ ಗುರುತು. ಇದೇ ಇದೇ, ಆರಿಸು ಅಂತ ಅರ್ಥ ಅಂದ. ಒತ್ತಿದ. ಪರದೆಯೊಳಗಿನ ಪರದೆ ಕಪ್ಪಾಗಿ ಮುಚ್ಚಿಕೊಂಡಿತು. ಪುನಃ ಆಡಿಯೋ ಇರುವ ಕಡೆ ಹೋದೆವು. ಎನ್ನು, ಲಾಳ, ಎರಡು ಕಡ್ಡಿ ಹಾಗೇ ಇದ್ದವು, ಆದರೆ ಎಣ್ಣೆ ಹಚ್ಚಿ ತೊಳೆದ ಕಲ್ಲಿನ ಹಾಗೆ ಕಪ್ಪಗೆ ಮಿರಮಿರ! ಅವನು ಒಂದು ಸಲ ಒತ್ತಿದ. ಹೋಯಿತು ಕಣೋ ಎನ್ನು, ಏನೋ ಉದ್ದದ್ದು ಬಂತು ಅಂದೆ. ಅದನ್ನೇ ಇಟ್ಟು, ಒಳಗಿನವನನ್ನು ಹೊಸದಾಗಿ ಹಚ್ಚಿದ.

ಗರಗರ. ಕಾದೆವು. ನಾನು ಅವರೆಕಾಳು ಹಿಡಿದುಕೊಂಡೇ ಕೂತಿದ್ದೆ, ಅದು ಕೈಯಲ್ಲೇ ಹಿಸುಕಿಹೋಗಿತ್ತು. ಆಮೇಲೆ ಹಂಡೆಯೊಳಗಿನಿಂದ ಆ ದನಿ, ಅದೇ ಕಟ್ಟಿದ ಮೂಗು, ಅದೇ ಗೊಗ್ಗರು, ಗಡಗಡ ಅಂತ ಇಂಗ್ಲಿಷು.

"ಬಂದ ಕಣೋ ನಿನ್ನ ನೆಗಡಿ ಗಂಡ," ಅಂದೆ.

ಮೈದುನ ಕಂಪ್ಯೂಟರಿನ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿ, ಪೊರೆ ಎಷ್ಟು ದಿನದಿಂದ ಅಂತ ಕೇಳಿದ. ಉಗಾದಿಯಿಂದ ಅಂದೆ. ಉಗಾದಿ ಹೋಗಿ ಒಂಬತ್ತು ತಿಂಗಳಾಗಿತ್ತು. ಆಪರೇಷನ್ನಿಗೆ ಹೆದರಿದಿರಾ ಅಂದ. ಹೆದರಿಕೆ ನನಗೆಲ್ಲಿಂದ? ಆಪರೇಷನ್ನು ಆದ ಮೇಲೆ ಎಷ್ಟೋ ದಿನ ಒಲೆ ಮುಂದೆ ಕೂರಬಾರದು ಅಂತಾರೆ, ಆಮೇಲೆ ಅಣ್ಣ ತಮ್ಮ ಇಬ್ಬರೂ ಏನು ತಿನ್ನುತ್ತೀರಿ ಅಂತ ಬೈದೆ. ಅದೂ ಅಲ್ಲದೆ ಒಂದು ಮನೆಗೆ ಒಬ್ಬ ಕುರುಡ ಸಾಕು. ಅವನು ಆ ಸಹಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟ.

ನಿಮಗೊಂದು ಮಾತು ಹೇಳಬೇಕು, ಅವನಿಗೆ ಹೇಳಬೇಡಿ. ಪೈಪು ಆ ನಲ್ ಕಡೆಗೆ ಹೇಗೆ ಹೋಯಿತು ಅಂತ ಅವನು ಬಹಳ ಯೋಚನೆ ಮಾಡಿದ. ಶುಕ್ರವಾರ ನಮ್ಮ ಮನೆಯಲ್ಲಿ ಹೊಸ್ತಿಲಿನಿಂದ ಹಿಡಿದು ಒರಳುಕಲ್ಲಿನ ತನಕ ಎಲ್ಲ ತೊಳೆದು ಒರೆಸುವ ವಾಡಿಕೆ. ಅವತ್ತು ಅವನು ಹೊರಗಿನದನ್ನು ಹಚ್ಚಿಟ್ಟು ಸ್ನಾನಕ್ಕೆ ಹೋಗಿದ್ದಾಗ, ಆ ಗುಂಡಿಗಳ ಹಲಗೆಯ ಮೇಲೆ ಧೂಳು ಕಂಡಿತು. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಿ ಒರೆಸಿದೆ. ಪರದೆ ಮೇಲೆ ಏನೇನೋ ಪೆಟ್ಟಿಗೆ ಬಂದವು, ಹೋದವು. ಸ್ವಚ್ಛ ಆಯಿತು ಅಂದುಕೊಂಡೆ.

ಸೋಮವಾರ ಹತ್ತು ಗಂಟೆಗೆ ಸಾಹೇಬರು ಬಂದರು. ಜೊತೆಗೆ ಹೆಡ್ಮಾಸ್ಟರು. ಸಾಹೇಬರು ಒಳ್ಳೆಯವರ ಹಾಗೆ ಕಂಡರು, ಆದರೆ ಬರುವಾಗಲೇ ತೀರ್ಮಾನ ಮಾಡಿಕೊಂಡು ಬಂದವರ ಮುಖ. ಮನೆಯವರು ಯಾರೂ ಮಾತಾಡಬಾರದು, ಸನ್ನೆ ಮಾಡಬಾರದು ಅಂತ ನನ್ನನ್ನೇ ನೋಡಿ ಹೇಳಿದರು. ಕಣ್ಣು ಕಾಣದವನಿಗೆ ಯಾರಾದರೂ ಸನ್ನೆ ಮಾಡುತ್ತಾರೆಯೇ? ಸುಮ್ಮನೆ ಬಾಗಿಲ ಪಕ್ಕ ನಿಂತೆ.

ಮೈದುನ ಹಚ್ಚಿದ, ಎಣಿಸಿದ, ಒತ್ತಿದ. ನೆಗಡಿಯವನು ಎದ್ದ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವರೇ ಕೂತು ಒಂದೇ ಬೆರಳಿನಲ್ಲಿ ಏನೋ ಕುಟ್ಟಿ, ಇದರಲ್ಲಿ ಏನು ಬರೆದಿದ್ದೇನೆ ಓದಿ, ಅದರಂತೆ ಮಾಡಿ ಅಂದರು. ದನಿ ಓದಿತು. ಮೈದುನ ಅದನ್ನು ಕನ್ನಡದಲ್ಲಿ ಹೇಳಿದ, "ಇಲಾಖೆಗೆ ಯಾವುದಾದರೂ ವಿಷಯದ ಬಗ್ಗೆ ಒಂದು ಅರ್ಜಿ ಬರೆಯಿರಿ ಅಂತ ಬರೆದಿದ್ದೀರಿ ಸಾರ್. ಅರ್ಜಿ ಅನ್ನೋ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ." ಹೆಡ್ಮಾಸ್ಟರು ಕೆಮ್ಮಿದರು.

ಆಮೇಲೆ ಅವನ ಹತ್ತು ಬೆರಳೂ ಹಲಗೆಯ ಮೇಲೆ ಓಡಿದವು. ರಾಗಿ ಬೀಸುವಾಗ ಕಲ್ಲು ತಾನಾಗೇ ತಿರುಗುತ್ತಲ್ಲ, ಹಾಗೆ. ಸಾಹೇಬರು ತಮ್ಮ ಒಂದು ಬೆರಳನ್ನು ನೋಡಿಕೊಂಡರು. ಬರೆದು ಮುಗಿಸಿ ಅವನು ಪೂರ್ತಿ ಓದಿಸಿದ. ನೆಗಡಿ ದನಿ ಇಂಗ್ಲಿಷಿನಲ್ಲಿ ಓದುತ್ತಾ ಹೋಯಿತು. ನನಗೆ ಏನು ತಿಳಿಯಬೇಕು? ಆದರೆ ಎರಡು ಪದ ತಿಳಿದವು. ಒಂದು ಲೀವ್. ಮೇಷ್ಟ್ರುಗಳ ಮನೆಯಲ್ಲಿ ಅದು ದನಕರುವಿಗೂ ತಿಳಿಯುತ್ತೆ. ಇನ್ನೊಂದು ಮದರ್.

ನನಗೆ ಕೋಪ ನೆತ್ತಿಗೇರಿತು. ನಮ್ಮತ್ತೆ ಹೋಗಿ ನಲವತ್ತೆರಡು ವರ್ಷ. ಇವನು ಆರು ವರ್ಷದ ಮಗು, ನಾನು ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸತ್ತವರಿಗೆ ಜ್ವರ ಬರಿಸಿ ರಜ ತಗೊಳ್ಳುವ ಮೇಷ್ಟ್ರುಗಳು ಇದ್ದಾರೆ, ಗೊತ್ತು. ಆದರೆ ಇಂಥ ದಿನ, ಕೆಲಸ ಹೋಗುತ್ತೋ ಉಳಿಯುತ್ತೋ ಅನ್ನುವಾಗ, ಪರೀಕ್ಷೆಗೆ ಬಂದವರ ಮುಂದೆಯೇ ಈ ಸುಳ್ಳೇ?

"ಏನೋ ಅದು," ಅಂದುಬಿಟ್ಟೆ. "ಸತ್ತೋರ ಹೆಸ್ರಲ್ಲಿ ರಜ ಕೇಳೋಕೆ ನಾಚ್ಕೆ ಆಗಲ್ವಾ ನಿಂಗೆ?"

ಹೆಡ್ಮಾಸ್ಟರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ, ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ಒಂದು ಸಲ ಓದಿಕೊಂಡರು. ಆಮೇಲೆ ನನಗಾಗಿ ಕನ್ನಡ ಮಾಡಿ, ನಿಧಾನವಾಗಿ ಹೇಳಿದರು. ನನ್ನ ತಾಯಿಯವರ ಬಲಗಣ್ಣಿಗೆ ಪೊರೆ ಬಂದಿರುತ್ತದೆ. ಅವರು ಒಂಬತ್ತು ತಿಂಗಳಿನಿಂದ ಯಾರಿಗೂ ಹೇಳಿರುವುದಿಲ್ಲ. ಹಾಸನದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಲು ಹಾಗೂ ಅವರು ಒಲೆ ಮುಂದೆ ಕೂರದಂತೆ ನೋಡಿಕೊಳ್ಳಲು ಹದಿನೈದು ದಿನ ರಜೆ ಮಂಜೂರು ಮಾಡಬೇಕು.

ಓದಿ ಮುಗಿಸಿ ಸಾಹೇಬರು ನನ್ನನ್ನು ನೋಡಿದರು, ಅವನನ್ನು ನೋಡಿದರು. "ಇವರು ನಿಮ್ಮ ಅತ್ತಿಗೆ ಅಂತ ಹೆಡ್ಮಾಸ್ಟರು ಹೇಳಿದ್ರಲ್ಲ ಮೇಷ್ಟ್ರೇ?"

"ಹೌದು ಸಾರ್," ಅಂದ ಮೈದುನ. "ಇಂಗ್ಲಿಷಿನಲ್ಲಿ ಅತ್ತಿಗೆಗೆ ಸರಿಯಾದ ಪದ ಇಲ್ಲ. ಇದ್ದದ್ದರಲ್ಲಿ ಹತ್ತಿರದ್ದು ಹಾಕಿದೀನಿ."

ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಇದನ್ನು ಕಾಗದದ ಮೇಲೆ ಇಳಿಸಿ ಕೊಡಿ, ಇಲ್ಲೇ ಸಹಿ ಹಾಕ್ತೀನಿ ಅಂದರು. ಇನ್ನೊಂದು ಕಾಗದದ ಮಾತನ್ನು ಅವರು ಎತ್ತಲೇ ಇಲ್ಲ.

ಕಾಫಿ ತರ್ತೀನಿ ಅಂತ ನಾನು ಒಳಗೆ ಹೋದೆ. ಹಾಲಿನ ಪಾತ್ರೆ ಒಲೆ ಮೇಲಿಟ್ಟು ಉಕ್ಕುವುದನ್ನೇ ಕಾಯುತ್ತಾ ನಿಂತೆ. ನಿಂತೇ ಇದ್ದೆ. ಒಲೆ ಹಚ್ಚಿರಲಿಲ್ಲ ಅನ್ನೋದು ಬಹಳ ಹೊತ್ತಿನ ಮೇಲೆ ಗೊತ್ತಾಯಿತು.